ಪಟ್ಟೆ ಸ್ಪಷ್ಟ, ಕಣ್ಣು ಮಸುಕು

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.’ ಪ್ರಯೋಗಶಾಲೆಯಲ್ಲಿ ಈ ಗಾದೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಉತ್ತರ ಸರಿಬರದಿದ್ದಾಗ ‘ಸಾರ್, ತಕ್ಕಡಿ ಸರಿಯಿಲ್ಲ’, ‘ಸಾರ್, ಥರ್ಮಾಮೀಟರ್ ಕೆಟ್ಟಿದೆ’ ಎಂದು ಬರುವ ಮಕ್ಕಳಿಗೆಲ್ಲ ಇದೇ ನನ್ನ ಮದ್ದು. ಆದರೆ ಕಳೆದ ಚಳಿಗಾಲದಲ್ಲಿ ಯಾವ ಪ್ರಯೋಗವನ್ನೂ ಮಾಡದೆ ‘ನೆಲ ಡೊಂಕು’ ಎಂದು ತೀರ್ಪು ಕೊಟ್ಟವನು ನಾನೇ. ಆ ಒಂದು ಮಾತಿನಿಂದ ಒಬ್ಬ ಹುಡುಗನ ಕ್ಯಾಮೆರಾ ಅವನ ಕೈತಪ್ಪುವುದರಲ್ಲಿತ್ತು. ಒಬ್ಬ ಪ್ರಾಮಾಣಿಕ ಮನುಷ್ಯನಿಗೆ ಮೋಸಗಾರನೆಂಬ ಹೆಸರು ಬರುವುದರಲ್ಲಿತ್ತು. ಎರಡನ್ನೂ ತಪ್ಪಿಸಿದ್ದು ನಮ್ಮ ಶಾಲೆಯ ಹಿತ್ತಲಿನ ಅಳಿಲು.

ಹುಡುಗ ಒಂಬತ್ತನೇ ತರಗತಿಯವನು. ತಂದೆ ದರ್ಜಿ. ಮಗನ ಹಂಬಲ ಕಂಡು ಅವರು ಊರಿನ ಸ್ಟುಡಿಯೋದ ಯಜಮಾನರಿಂದ ಬಳಸಿದ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನೂ 70–300 ಮಿ.ಮೀ. ಜೂಮ್ ಲೆನ್ಸನ್ನೂ ಕೊಂಡುಕೊಟ್ಟಿದ್ದರು. ಹಬ್ಬದ ದಿನಗಳಲ್ಲಿ ರಾತ್ರಿಯೆಲ್ಲ ಮಿಷನ್ ತುಳಿದು ಕೂಡಿಟ್ಟ ಹಣ ಅದು. ಹುಡುಗ ಶಾಲೆಯ ಹಿಂದಿನ ಸೀಬೆ ಮರದ ಬಳಿ ಕುಳಿತು ಮೂರು ವಾರ ಅಳಿಲುಗಳ ಚಿತ್ರ ತೆಗೆದ. ಒಂದೂ ಮನಸ್ಸಿಗೆ ಹಿಡಿಸುವಂತೆ ಬರಲಿಲ್ಲ. ಎಲ್ಲವೂ ಮಂಜಿನೊಳಗಿಂದ ನೋಡಿದಂತೆ.

ಒಂದು ಮಧ್ಯಾಹ್ನ ತಂದೆಯೇ ಶಾಲೆಗೆ ಬಂದರು. “ಮೇಷ್ಟ್ರೇ, ನೀವು ಸೈನ್ಸ್ ಓದಿದವರು. ಇದರಲ್ಲಿ ಏನು ತೊಂದರೆ ಅಂತ ಸ್ವಲ್ಪ ನೋಡಿ ಹೇಳಿ” ಎಂದರು. ಮುಂದಿನ ಪೀರಿಯಡ್ಡಿನ ಗಂಟೆ ಹೊಡೆದಿತ್ತು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಐದಾರು ಚಿತ್ರ ನೋಡಿ, “ಲೆನ್ಸಿನಲ್ಲೇ ದೋಷ ಇರಬೇಕು. ವಾಪಸ್ ಕೊಟ್ಟುಬಿಡುವುದು ಒಳ್ಳೆಯದು” ಎಂದುಬಿಟ್ಟೆ. ಎರಡು ನಿಮಿಷದ ತೀರ್ಪು.

ಅಂದು ಸಂಜೆ ಸ್ಟುಡಿಯೋದಲ್ಲಿ ಮಾತಿಗೆ ಮಾತು ಬೆಳೆಯಿತಂತೆ. “ಇದೇ ಲೆನ್ಸಿನಲ್ಲಿ ನೂರು ಮದುವೆ ತೆಗೆದಿದ್ದೇನೆ, ಒಬ್ಬರೂ ಒಂದು ಮಾತು ಅಂದಿಲ್ಲ” ಎಂದು ಅವರು. “ಮೇಷ್ಟ್ರೇ ಹೇಳಿದ್ದಾರೆ” ಎಂದು ಇವರು. ಕಡೆಗೆ ಅರ್ಧ ಬೆಲೆಗೆ ವಾಪಸ್ ಪಡೆಯಲು ಸ್ಟುಡಿಯೋದವರು ಒಪ್ಪಿದರು. ಮಾರನೆಯ ಬೆಳಿಗ್ಗೆ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ.

“ಸಾರ್, ಒಂದು ಮಾತು ಕೇಳಲಾ? ಲೆನ್ಸ್ ಕೆಟ್ಟಿದ್ದರೆ ಚಿತ್ರ ಎಲ್ಲಾ ಕಡೆ ಮಸುಕಾಗಬೇಕಲ್ವಾ? ಇದರಲ್ಲಿ ನೋಡಿ, ಬೆನ್ನಿನ ಪಟ್ಟೆ ಒಂದೊಂದು ಕೂದಲೂ ಕಾಣ್ತಿದೆ. ಕಣ್ಣು ಮಾತ್ರ ಮಸುಕು.”

ಶಾಲೆಯ ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹುಡುಗ ಹೇಳಿದ್ದು ನಿಜ. ನಮ್ಮತ್ತ ಮುಖ ಮಾಡಿ ಕುಳಿತ ಅಳಿಲು. ಭುಜದ ಹಿಂದಿನ ಪಟ್ಟೆಗಳು ಬರೆದಿಟ್ಟಂತೆ ಸ್ಪಷ್ಟ. ಅದಕ್ಕಿಂತ ನಾಲ್ಕು ಬೆರಳು ಮುಂದಿರುವ ಕಣ್ಣು ಮಸುಕು. ಪಟ್ಟೆಯನ್ನು ಇಷ್ಟು ಚೆನ್ನಾಗಿ ಮೂಡಿಸಿದ ಗಾಜು ಕಣ್ಣನ್ನು ಮೂಡಿಸಲಾರದೇ? ಮೂವತ್ತು ಜನರ ಮುಂದೆ ‘ಪರೀಕ್ಷಿಸದೆ ಒಪ್ಪಬೇಡಿ’ ಎಂದು ಪಾಠ ಮಾಡುವ ನನಗೆ ಮುಖ ತಗ್ಗಿಸುವಂತಾಯಿತು. “ಅಪ್ಪನಿಗೆ ಭಾನುವಾರದವರೆಗೆ ತಡೆಯಲು ಹೇಳು” ಎಂದೆ.

ಮಸುಕಿನ ನಾಲ್ಕು ಜಾತಿ

ಮಸುಕು ಎಂಬುದು ಒಂದೇ ರೋಗವಲ್ಲ. ಜ್ವರ ಬಂದರೆ ವೈದ್ಯರು ಯಾವ ಜ್ವರ ಎಂದು ಮೊದಲು ನೋಡುವುದಿಲ್ಲವೇ, ಹಾಗೆಯೇ ಇಲ್ಲೂ. ಹುಡುಗನ ಅರವತ್ತು ಚಿತ್ರಗಳನ್ನು ನಾವು ನಾಲ್ಕು ಗುಂಪು ಮಾಡಿದೆವು.

ಒಂದು, ಫೋಕಸ್ ತಪ್ಪಿದ್ದು. ಇದರಲ್ಲಿ ಚಿತ್ರದ ಎಲ್ಲೋ ಒಂದು ಕಡೆ ಸ್ಪಷ್ಟವಿರುತ್ತದೆ. ಬೇಕಾದ ಕಡೆ ಇರುವುದಿಲ್ಲ. ಎರಡು, ಕೈ ನಡುಗಿದ್ದು. ಅಳಿಲು, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಾಣುತ್ತವೆ. ಮೂರು, ಅಳಿಲೇ ಅಲುಗಾಡಿದ್ದು. ಕೊಂಬೆಯ ತೊಗಟೆ ಸ್ಪಷ್ಟ, ಬಾಲ ಮಾತ್ರ ಹೊಗೆ. ನಾಲ್ಕು, ಎಲ್ಲಿಯೂ ಸ್ಪಷ್ಟವಿಲ್ಲದ್ದು, ಎಳೆದ ಗುರುತೂ ಇಲ್ಲದ್ದು. ಇದಕ್ಕೆ ಲೆನ್ಸಿನ ಮೇಲಿನ ಬೆರಳಿನ ಜಿಡ್ಡು ಕಾರಣವಿರಬಹುದು, ಕಾದ ಗಾಳಿಯ ಕಂಪನವಿರಬಹುದು, ನಿಜಕ್ಕೂ ಲೆನ್ಸಿನ ದೋಷವೇ ಇರಬಹುದು. ನಮ್ಮ ಈ ಗುಂಪಿನಲ್ಲಿ ಏಳು ಚಿತ್ರಗಳಿದ್ದವು. ಏಳೂ ಮಟ ಮಟ ಮಧ್ಯಾಹ್ನ ಶಾಲೆಯ ತಗಡಿನ ಮಾಡಿನ ಮೇಲೆ ಓಡುತ್ತಿದ್ದ ಅಳಿಲಿನವು. ಕಾದ ತಗಡಿನ ಮೇಲಿನ ಗಾಳಿ ಬಿಸಿಲುಕುದುರೆಯಂತೆ ನಲಿಯುವಾಗ ಎಂಥ ಲೆನ್ಸ್ ಆದರೇನು?

ಈ ವಿಂಗಡಣೆಗೆ ಅಳಿಲಿನ ಕಣ್ಣೇ ಒಳ್ಳೆಯ ಸಾಧನ. ಅದು ಕಪ್ಪು ಮಣಿಯಂತಿದೆ. ಬೆಳಗಿನ ಬಿಸಿಲು ಅದರ ಮೇಲೆ ಒಂದು ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಚಿತ್ರದಲ್ಲಿ ಆ ಚುಕ್ಕೆ ಚುಕ್ಕೆಯಾಗಿಯೇ ಇದ್ದರೆ ಎಲ್ಲವೂ ಸರಿ. ಅದು ಪುಟ್ಟ ಗೆರೆಯಾಗಿದ್ದರೆ ಕೈಯೋ ಅಳಿಲೋ ಅಲುಗಿದೆ. ಊದಿಕೊಂಡು ಬಿಲ್ಲೆಯಾಗಿದ್ದರೆ ಫೋಕಸ್ ತಪ್ಪಿದೆ.

ದರ್ಜಿಯ ಟೇಪಿನ ಪರೀಕ್ಷೆ

ಭಾನುವಾರ ಬೆಳಿಗ್ಗೆ ಶಾಲೆಯ ಹೊರಗೋಡೆಗೆ ಹಳೆಯ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟ ಅಂಟಿಸಿದೆವು. ಅದರ ಸಣ್ಣಕ್ಷರಕ್ಕಿಂತ ಅಗ್ಗದ ಪರೀಕ್ಷಾ ಫಲಕ ಬೇರೊಂದಿಲ್ಲ. ಗೋಡೆಯಿಂದ ಸರಿಯಾಗಿ 5 ಮೀಟರ್ ದೂರದಲ್ಲಿ ಬೆಂಚು, ಅದರ ಮೇಲೆ ಮರಳು ತುಂಬಿದ ಚೀಲ, ಚೀಲದ ಮೇಲೆ ಕ್ಯಾಮೆರಾ. ಗುಂಡಿ ಒತ್ತುವಾಗ ಆಗುವ ಅಲುಗಾಟವೂ ಬೇಡವೆಂದು ಟೈಮರ್ ಇಟ್ಟೆವು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡುತ್ತ, ಅಂದರೆ ‘ಲೈವ್ ವ್ಯೂ’ ವಿಧಾನದಲ್ಲಿ, ಫೋಕಸ್ ಮಾಡಿದೆವು. ಚಿತ್ರ ಬಂತು. ನಡುವಿನ ಅಕ್ಷರಗಳು ಸ್ಪಷ್ಟ. ಅಂಚಿನವು ಸ್ವಲ್ಪ ಮೃದು. ಆದರೆ ನಾಲ್ಕು ಮೂಲೆಗಳೂ ಒಂದೇ ಸಮ. ಒಂದು ಮೂಲೆ ಮಾತ್ರ ಕೆಟ್ಟಿದ್ದರೆ ಒಳಗಿನ ಯಾವುದೋ ಗಾಜು ಓರೆಯಾಗಿದೆ ಎಂದು ಅನುಮಾನಿಸಬೇಕಿತ್ತು. ಹಾಗಿರಲಿಲ್ಲ. ಗಾಜು ನಿರ್ದೋಷಿ.

ಎರಡನೆಯ ಪರೀಕ್ಷೆಗೆ ಹುಡುಗನ ತಂದೆಯ ಅಳತೆಯ ಟೇಪೇ ಬೇಕಾಯಿತು. ಅದನ್ನು ಒಂದು ಹಲಗೆಯ ಮೇಲೆ ನೀಟಾಗಿ ಅಂಟಿಸಿ, ಹಲಗೆಯನ್ನು ಕ್ಯಾಮೆರಾದಿಂದ ದೂರ ಹೋಗುವಂತೆ ಇಳಿಜಾರಾಗಿ ಇಟ್ಟೆವು. ಟೇಪಿನ ನಡುವೆ, 50 ಎಂಬ ಗುರುತಿನ ನೇರಕ್ಕೆ, ಒಂದು ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿದೆವು. ಈಗ ಕಣ್ಣನ್ನು ವ್ಯೂಫೈಂಡರಿಗೆ ಇಟ್ಟು, ಹುಡುಗ ಅಳಿಲಿಗೆ ಮಾಡುತ್ತಿದ್ದಂತೆಯೇ, ಬೆಂಕಿಪೊಟ್ಟಣದ ಚಿತ್ರಕ್ಕೆ ಆಟೋಫೋಕಸ್ ಮಾಡಬೇಕು. ಪ್ರತಿ ಸಲವೂ ಮೊದಲು ಫೋಕಸ್ಸನ್ನು ಕೆಡಿಸಿ, ಹತ್ತು ಸಲ. ಆಮೇಲೆ ಟೇಪಿನ ಯಾವ ಅಂಕಿ ಎಲ್ಲಕ್ಕಿಂತ ಸ್ಪಷ್ಟವಿದೆ ಎಂದು ನೋಡಬೇಕು. ಹತ್ತರಲ್ಲಿ ಎಂಟು ಸಲ ಬೆಂಕಿಪೊಟ್ಟಣಕ್ಕಿಂತ 3ರಿಂದ 4 ಸೆಂ.ಮೀ. ಹಿಂದಿನ ದೂರವೇ ಸ್ಪಷ್ಟವಾಗಿತ್ತು. ಲೈವ್ ವ್ಯೂ ವಿಧಾನದಲ್ಲಿ ಮತ್ತೆ ಮಾಡಿದಾಗ 50ರ ಮೇಲೇ ಬಂದು ಕುಳಿತಿತು.

“ಸಾರ್, ಇದು ವರ್ನಿಯರ್ ಕ್ಯಾಲಿಪರ್ಸಿನ ಶೂನ್ಯ ದೋಷ ಇದ್ದ ಹಾಗೆ” ಎಂದ, ಜೊತೆಗೆ ಬಂದಿದ್ದ ಹುಡುಗನ ಅಣ್ಣ. ಅವನು ಪಿಯುಸಿ ಓದುತ್ತಿದ್ದಾನೆ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಒಂದು ಕನ್ನಡಿ ಇದೆ. ಲೆನ್ಸಿನಿಂದ ಬಂದ ಬೆಳಕಿನ ಬಹುಪಾಲನ್ನು ಅದು ಮೇಲಕ್ಕೆ, ನಮ್ಮ ಕಣ್ಣಿನ ಕಡೆ ಕಳಿಸುತ್ತದೆ. ಸ್ವಲ್ಪ ಬೆಳಕು ಕನ್ನಡಿಯ ಅರೆಪಾರಕ ಭಾಗವನ್ನು ದಾಟಿ, ಹಿಂದಿನ ಇನ್ನೊಂದು ಪುಟ್ಟ ಕನ್ನಡಿಗೆ ಬಡಿದು, ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸಂವೇದಕಕ್ಕೆ ಹೋಗುತ್ತದೆ. ಚಿತ್ರ ಮೂಡುವ ಸಂವೇದಕ ಬೇರೆ, ಫೋಕಸ್ ಅಳೆಯುವ ಸಂವೇದಕ ಬೇರೆ. ಎರಡಕ್ಕೂ ಬೆಳಕು ಸಾಗುವ ದೂರ ಕರಾರುವಾಕ್ಕಾಗಿ ಸಮನಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕ್ಯಾಮೆರಾ ‘ಸರಿಯಿದೆ’ ಎನ್ನುತ್ತದೆ, ಚಿತ್ರ ‘ಇಲ್ಲ’ ಎನ್ನುತ್ತದೆ. ಲೈವ್ ವ್ಯೂನಲ್ಲಿ ಕನ್ನಡಿ ಮೇಲೆದ್ದು, ಚಿತ್ರದ ಸಂವೇದಕವೇ ಫೋಕಸ್ಸನ್ನೂ ನೋಡುವುದರಿಂದ ಈ ಜಗಳವಿಲ್ಲ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಮತ್ತು ಮೊಬೈಲುಗಳಲ್ಲಿ ಈ ತೊಂದರೆ ಕಾಣದಿರುವುದಕ್ಕೂ ಇದೇ ಕಾರಣ.

ಕೂದಲೆಳೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಹತ್ತನೇ ತರಗತಿಯ ಮಸೂರದ ಸೂತ್ರ ಬಳಸಿ ನೀವೇ ಲೆಕ್ಕ ಹಾಕಿ. ಸಂಗಮದೂರ 300 ಮಿ.ಮೀ. ವಸ್ತು 5,000 ಮಿ.ಮೀ. ದೂರದಲ್ಲಿದ್ದರೆ ಪ್ರತಿಬಿಂಬ 319.15 ಮಿ.ಮೀ. ದೂರದಲ್ಲಿ ಮೂಡುತ್ತದೆ. ವಸ್ತು 35 ಮಿ.ಮೀ. ಹಿಂದೆ ಸರಿದರೆ 319.01 ಮಿ.ಮೀ. ವ್ಯತ್ಯಾಸ 0.14 ಮಿ.ಮೀ. ಅಳಿಲಿನ ಕಣ್ಣಿಗೂ ಬೆನ್ನಿನ ಪಟ್ಟೆಗೂ ಇರುವ ಅಂತರ ಕ್ಯಾಮೆರಾದೊಳಗೆ ಇಷ್ಟೇ.

ಹಾಗಾದರೆ ಸ್ಟುಡಿಯೋದವರ ನೂರು ಮದುವೆ? ಅವರ ಮಾತೂ ನಿಜ. ಮದುವೆಯ ಗುಂಪಿನ ಚಿತ್ರವನ್ನು ಯಾರೂ 300 ಮಿ.ಮೀ.ನಲ್ಲಿ ತೆಗೆಯುವುದಿಲ್ಲ. ಜೂಮ್ ಕಡಿಮೆ ಇದ್ದು, ಜನ ದೂರದಲ್ಲಿ ನಿಂತಿದ್ದರೆ ಸ್ಪಷ್ಟವಾಗಿ ಮೂಡುವ ಆಳ ಅಡಿಗಟ್ಟಲೆ ಇರುತ್ತದೆ. ಫೋಕಸ್ಸಿನ ಸಣ್ಣ ದೋಷ ಅದರೊಳಗೆ ಕರಗಿಹೋಗಬಹುದು. ಅವರು ಮೋಸ ಮಾಡಿರಲಿಲ್ಲ. ಅವರಿಗೆ ಆ ದೋಷ ಎಂದೂ ಕಂಡಿರಲೇ ಇಲ್ಲ. ಅದನ್ನು ಹೊರಗೆಳೆಯಲು ಅಳಿಲಿನಂಥ ಪುಟ್ಟ ಪ್ರಾಣಿಯೇ ಬೇಕಾಯಿತು.

ಪರೀಕ್ಷಕ ಅಳಿಲು

ನಮ್ಮ ಕಡೆಯ ಮೂರು ಪಟ್ಟೆಯ ಅಳಿಲಿನ ವೈಜ್ಞಾನಿಕ ಹೆಸರು ಫ್ಯುನಾಂಬ್ಯುಲಸ್ ಪಾಲ್ಮಾರಮ್. ಲಿನೇಯಸ್ ಇದನ್ನು 1766ರಲ್ಲಿ ವಿವರಿಸಿದ. ಫ್ಯುನಾಂಬ್ಯುಲಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹಗ್ಗದ ಮೇಲೆ ನಡೆಯುವವನು. ಕರೆಂಟಿನ ತಂತಿಯ ಮೇಲೆ ಅದು ಓಡುವುದನ್ನು ಕಂಡವರಿಗೆ ಈ ಹೆಸರಿನ ಅರ್ಥ ವಿವರಿಸಬೇಕಿಲ್ಲ. ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಐದು ಪಟ್ಟೆಯ ಅಳಿಲು. ಇದು ಮನೆಯಂಗಳದಲ್ಲೇ ಓಡಾಡಿದರೂ ಸಾಕಿದ ಪ್ರಾಣಿಯಲ್ಲ, ಸ್ವತಂತ್ರ ವನ್ಯಜೀವಿ. ಆದ್ದರಿಂದ ಚಿತ್ರಕ್ಕಾಗಿ ಅದರ ಗೂಡು ಕೆದಕುವುದು, ಅಟ್ಟಿಸಿಕೊಂಡು ಹೋಗುವುದು ಸಲ್ಲದು. ಬಾಲ ಕುಣಿಸುತ್ತ ‘ಚಿಕ್ ಚಿಕ್’ ಎಂದು ಬಿಡದೆ ಕೂಗಿದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ ಎಂದು ತಿಳಿದು ಹಿಂದೆ ಸರಿಯಿರಿ. ಅಲುಗದೆ ಕುಳಿತರೆ ಸ್ವಲ್ಪ ಹೊತ್ತಿನಲ್ಲಿ ಅದೇ ತನ್ನ ಕೆಲಸಕ್ಕೆ ಮರಳುತ್ತದೆ.

ಬಾಲ ಬಿಟ್ಟರೆ ಅಳಿಲಿನ ಮೈ ಸುಮಾರು 15 ಸೆಂ.ಮೀ. 300 ಮಿ.ಮೀ. ಲೆನ್ಸನ್ನು ಎಫ್/5.6 ದ್ಯುತಿರಂಧ್ರದಲ್ಲಿ ಇಟ್ಟು 5 ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ, ಇಂಥ ಕ್ಯಾಮೆರಾದಲ್ಲಿ, ಸುಮಾರು 6 ಸೆಂ.ಮೀ. ಮಾತ್ರ. ಮುಂದೆ 3, ಹಿಂದೆ 3. ನಮ್ಮ ಶೂನ್ಯ ದೋಷವೇ ಮೂರೂವರೆ! ಕಣ್ಣು ಗಡಿಯಾಚೆ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಎಫ್/8ಕ್ಕೆ ಇಳಿಸಿದರೆ ಆಳ ಸುಮಾರು 9 ಸೆಂ.ಮೀ. ಆಗುತ್ತದೆ. ಹಿಂದೆ ಮುಂದೆ ನಾಲ್ಕೂವರೆ. ದೋಷ ಇದ್ದಲ್ಲೇ ಇದ್ದರೂ ಕಣ್ಣು ಗಡಿಯೊಳಗೆ ಬಂತು. ಅಳಿಲು ಅಡ್ಡಲಾಗಿ ಕುಳಿತಾಗ ತೆಗೆದರಂತೂ ಮೂತಿಯಿಂದ ಬಾಲದವರೆಗೆ ಎಲ್ಲವೂ ಸರಿಸುಮಾರು ಒಂದೇ ದೂರದಲ್ಲಿರುತ್ತದೆ.

ಆದರೆ ವಿಜ್ಞಾನದಲ್ಲಿ ಬಿಟ್ಟಿಯಾಗಿ ಏನೂ ಸಿಗುವುದಿಲ್ಲ. ಎಫ್/5.6ರಿಂದ ಎಫ್/8ಕ್ಕೆ ಹೋದರೆ ಬೆಳಕು ಅರ್ಧವಾಗುತ್ತದೆ. ಅದನ್ನು ಸರಿದೂಗಿಸಲು ಷಟರನ್ನು ಎರಡು ಪಟ್ಟು ಹೊತ್ತು ತೆರೆಯಬೇಕು, ಇಲ್ಲವೇ ಐಎಸ್‌ಒ ಎರಡು ಪಟ್ಟು ಏರಿಸಬೇಕು. ಷಟರ್ ತಡವಾದರೆ ಅಳಿಲು ಓಡುತ್ತದೆ. ಅಳಿಲಿನ ಬಾಲ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಕುಣಿಯುತ್ತದೆ ಎಂದಿಟ್ಟುಕೊಳ್ಳಿ. ಹುಡುಗನ ಕ್ಯಾಮೆರಾ ತಾನಾಗಿ ಆರಿಸಿಕೊಂಡಿದ್ದ 1/250 ಸೆಕೆಂಡಿನಲ್ಲಿ ಅದು 4 ಮಿ.ಮೀ. ಸರಿಯುತ್ತದೆ. ಸಂವೇದಕದ ಮೇಲೆ ಇದು ಸುಮಾರು ಕಾಲು ಮಿಲಿಮೀಟರ್. ಒಂದೊಂದು ಬಿಂದುಕೋಶವೂ 0.004 ಮಿ.ಮೀ. ಅಗಲ ಇರುವ ಸಂವೇದಕದಲ್ಲಿ ಅರವತ್ತಕ್ಕೂ ಹೆಚ್ಚು ಕೋಶಗಳ ಮೇಲೆ ಬಾಲ ಬಳಿದುಹೋಗುತ್ತದೆ! 1/1000 ಸೆಕೆಂಡಿನಲ್ಲಿ ಹದಿನಾರಕ್ಕೆ ಇಳಿಯುತ್ತದೆ. ಕೈನಡುಕವನ್ನು ತಡೆಯುವ ಲೆನ್ಸುಗಳಿವೆ ನಿಜ. ಅವು ನಮ್ಮ ಕೈಯನ್ನು ತಡೆಯುತ್ತವೆ, ಅಳಿಲಿನ ಬಾಲವನ್ನಲ್ಲ.

ಕಡೆಗೆ ನಾವು ಒಪ್ಪಿಕೊಂಡ ಸಂಧಾನ ಇದು: ಎಫ್/8, ಷಟರ್ 1/1000, ಐಎಸ್‌ಒ 800, ಸಮಯ ಬೆಳಗಿನ ಎಳೆಬಿಸಿಲು, ಕ್ಯಾಮೆರಾಕ್ಕೆ ಮರಳಿನ ಚೀಲದ ಆಸರೆ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಾಣುತ್ತದೆ, ಇರಲಿ. ಇನ್ನೊಂದು ಗುಟ್ಟನ್ನು ಹುಡುಗನೇ ಕಂಡುಕೊಂಡ. ಅಳಿಲು ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಮುಂಗಾಲು ಎರಡರಲ್ಲೂ ಸೀಬೆಯ ತುಣುಕು ಹಿಡಿದು ತಿನ್ನುವಾಗ ಕೆಲವು ಕ್ಷಣ ಅದು ಕುಳಿತಲ್ಲಿಂದ ಕದಲುವುದಿಲ್ಲ. ಓಟವನ್ನು ಬೆನ್ನಟ್ಟುವುದಕ್ಕಿಂತ ನಿಲುಗಡೆಗೆ ಕಾಯುವುದು ಲೇಸು.

ಮುಂದಿನ ಭಾನುವಾರ ತೆಗೆದ ನಲವತ್ತು ಚಿತ್ರಗಳಲ್ಲಿ ಹದಿನೆಂಟರಲ್ಲಿ ಕಣ್ಣಿನ ಚುಕ್ಕೆ ಚುಕ್ಕೆಯಾಗಿಯೇ ಇತ್ತು. ಉಳಿದ ಇಪ್ಪತ್ತೆರಡು ಯಾಕೆ ಕೆಟ್ಟವು ಎಂದು ಹುಡುಗ ಒಂದೊಂದಕ್ಕೂ ಕಾರಣ ಬರೆದಿಟ್ಟಿದ್ದ. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಆ ಇಪ್ಪತ್ತೆರಡು.

ಹಿಂದಿನವರು ಮಾಡಿದ್ದು

ಈ ಶಿಸ್ತು ಹೊಸದೇನಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅವರಂಥ ವನ್ಯಜೀವಿ ಛಾಯಾಗ್ರಾಹಕರು, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿ (1938–2007) ಅವರು ಈ ವಿದ್ಯೆ ಕಲಿತದ್ದು ಫಿಲಂ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ. ಕೈಯಿಂದಲೇ ಫೋಕಸ್. ಎಸ್‌ಎಲ್‌ಆರ್ ಕ್ಯಾಮೆರಾದ ದೇಹದೊಳಗೇ ಆಟೋಫೋಕಸ್ ಅಳವಡಿಸಿ ಜನಪ್ರಿಯವಾದ ಮೊದಲ ಮಾದರಿ, ಮಿನೋಲ್ಟಾ 7000, ಬಂದದ್ದೇ 1985ರಲ್ಲಿ. ತೆಗೆದ ಚಿತ್ರ ಹೇಗಿದೆ ಎಂದು ತಿಳಿಯಲು ಫಿಲಂ ತೊಳೆದು ಬರುವವರೆಗೆ ಕಾಯಬೇಕು. ಯಾವ ಚಿತ್ರಕ್ಕೆ ಯಾವ ವೇಗ, ಯಾವ ದ್ಯುತಿರಂಧ್ರ ಎಂಬುದು ನೆನಪಿರಬೇಕಾದರೆ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು. ಈಗ ಪ್ರತಿ ಚಿತ್ರದ ಜೊತೆಗೂ ಕ್ಯಾಮೆರಾ, ಮೊಬೈಲು ತಾವೇ ಆ ಅಂಕಿಗಳನ್ನು ಬರೆದಿಡುತ್ತವೆ. ತೆರೆದು ನೋಡುವವರು ಮಾತ್ರ ಕಡಿಮೆ.

ಕ್ಯಾಮೆರಾ ಇಲ್ಲದವರೂ ಇದನ್ನು ಮಾಡಿ ನೋಡಬಹುದು. ಈ ಪುಟವನ್ನೇ ಗೋಡೆಗೆ ಅಂಟಿಸಿ. ಮನೆಯ ಮೊಬೈಲನ್ನು ಕೈಯಲ್ಲಿ ಹಿಡಿದು ಐದು ಚಿತ್ರ, ಇಟ್ಟಿಗೆಗೆ ಒರಗಿಸಿ ಟೈಮರ್ ಇಟ್ಟು ಐದು ಚಿತ್ರ ತೆಗೆಯಿರಿ. ದೂರ ಅದೇ, ಬೆಳಕು ಅದೇ. ಬದಲಾದದ್ದು ಒಂದೇ. ಆಮೇಲೆ ಕೈಯ ಜೂಮ್ ಬಿಟ್ಟು, ಅಂದರೆ ಪರದೆಯನ್ನು ಬೆರಳಿನಿಂದ ಹಿಗ್ಗಿಸದೆ, ಇನ್ನೂ ಐದು. ಫಲಿತಾಂಶವನ್ನು ಪಟ್ಟಿ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಒಂದೇ ಸಲ ಅಳೆದು ನಂಬದಿರುವುದು: ಪ್ರಯೋಗವೆಂದರೆ ಇಷ್ಟೇ.

ಕ್ಯಾಮೆರಾ ಹುಡುಗನ ಬಳಿಯೇ ಉಳಿಯಿತು. ತಂದೆ ಸ್ಟುಡಿಯೋಗೆ ಹೋಗಿ ಕ್ಷಮೆ ಕೇಳಿದರು. ತಪ್ಪು ನನ್ನದಾದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಯಜಮಾನರು ಟೇಪಿನ ಚಿತ್ರ ನೋಡಿ ತಾವೇ ಆಶ್ಚರ್ಯಪಟ್ಟು, ಕ್ಯಾಮೆರಾವನ್ನೂ ಲೆನ್ಸನ್ನೂ ಒಟ್ಟಿಗೆ ಸರ್ವಿಸ್‌ಗೆ ಕಳಿಸಿದರೆ ಹೊಂದಿಸಿಕೊಡುತ್ತಾರೆ ಎಂದರು. ದಾರಿಯಲ್ಲಿ ಬರುವಾಗ ದರ್ಜಿ ಹೇಳಿದ ಮಾತನ್ನು ನಾನು ಪ್ರಯೋಗಶಾಲೆಯ ಗೋಡೆಯ ಮೇಲೆ ಬರೆಸಬೇಕೆಂದಿದ್ದೇನೆ:

“ನಮ್ಮ ಕಸುಬಿನಲ್ಲೂ ಹೀಗೇ ಮೇಷ್ಟ್ರೇ. ಅಂಗಿ ಬಿಗಿಯಾದರೆ ಮೊದಲು ಕತ್ತರಿ ಬೈಯೋದಿಲ್ಲ. ಇನ್ನೊಂದು ಸಲ ಅಳತೆ ತಗೋತೀವಿ.”